ಡೆನಾಲಿಯಲ್ಲಿ ಸೀಸನ್ ಮುಗಿಯುವ ಹೊತ್ತು

ಆಗಸ್ಟ್ ಕೊನೆ. ಅಲಾಸ್ಕಾದ ಡೆನಾಲಿ ಪಾರ್ಕಿನ ಇಳಿಜಾರುಗಳೆಲ್ಲ ಕೆಂಪಾಗಿವೆ. ಬ್ಲೂಬೆರಿ ಹಣ್ಣಾಗಿದೆ, ಕರಡಿಗಳಿಗೆ ಹಬ್ಬ. ಇಲ್ಲಿ ಸೀಸನ್ ಕೆಲಸಕ್ಕಿರುವ ನನಗೆ ಬಸ್ಸಿಳಿದವರು ಕೇಳುವ ಮೊದಲ ಪ್ರಶ್ನೆ ಮಾತ್ರ ಬದಲಾಗಿಲ್ಲ: "ಶಿಖರ ಎಲ್ಲಿ?" 20,310 ಅಡಿ ಎತ್ತರವಿದ್ದರೂ ಬೇಸಿಗೆಯಲ್ಲಿ ಅದು ಜಾಸ್ತಿ ಮೋಡದ ಹಿಂದೆಯೇ ಇರುತ್ತದೆ. ನಾನೇನು ಮಾಡಲಿ!

ಇಲ್ಲಿ ಬರೆಯಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ ಎಂದು ಸ್ನೇಹಿತರು ನಂಬಿದ್ದಾರೆ. ಜೂನಿನಲ್ಲಿ ರಾತ್ರಿಯೂ ಸರಿಯಾಗಿ ಕತ್ತಲಾಗುವುದಿಲ್ಲ. ನಿದ್ದೆಯೂ ಇಲ್ಲ, ಕವಿತೆಯೂ ಇಲ್ಲ. ಬೆಟ್ಟ ನೋಡುತ್ತಾ ಕೂತು ಬರೆದದ್ದನ್ನೆಲ್ಲ ಹರಿದು ಹಾಕಿದೆ. ಉಳಿದ ನಾಲ್ಕು ಸಾಲು ಹೊಳೆದದ್ದು ಟಾಯ್ಲೆಟ್ ತೊಳೆಯುವಾಗ. ಕೈಗೆ ಕೆಲಸವಿದ್ದರೆ ತಲೆ ಸುಮ್ನೆ ಇರುತ್ತದೆ, ಅದಕ್ಕೇ ಇರಬೇಕು ಅಲ್ವಾ?

ಸೆಪ್ಟೆಂಬರ್‌ನಲ್ಲಿ ಕೆಲಸ ಮುಗಿಯುತ್ತದೆ. ಚಳಿಗಾಲದ ಬಾಡಿಗೆಗೆ ಬೇರೆ ದಾರಿ ಹುಡುಕಬೇಕು. ಮನೆ ಓನರ್ ಕವಿತೆ ತಗೊಳ್ಳುವುದಿಲ್ಲ.