ಮುಂಬಯಿಯ ಕನ್ನಡ ಶಾಲೆಗೆ ಮಕ್ಕಳು ಬರ್ತಾರಾ?

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟದ ನಮ್ಮೂರಿಗೆ ಹೋದರೂ ಇದೇ ಪ್ರಶ್ನೆ, ಮಾಟುಂಗಾದಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಹೋದರೂ ಇದೇ ಪ್ರಶ್ನೆ: "ಮುಂಬಯಿಯಲ್ಲಿ ಕನ್ನಡ ಶಾಲೆ ಇನ್ನೂ ಇದೆಯಾ? ಮಕ್ಕಳು ಬರ್ತಾರಾ?" ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗೆ ಈ ಜೂನ್‌ನಲ್ಲಿ ಶಿಕ್ಷಕಿಯಾಗಿ ಸೇರಿದ್ದೇನೆ. ಒಂದನೆಯ, ಎರಡನೆಯ ತರಗತಿಗಳು ನನ್ನವು. ಬರ್ತಾರೆ, ಖಂಡಿತ ಬರ್ತಾರೆ. ಆದರೆ ಶಾಲೆ ಶುರುವಾದ ದಿನವೇ ಬರುವುದಿಲ್ಲ. ಹೊಸ ಶಿಕ್ಷಕಿಯಾಗಿ ನಾನು ಕಲಿಯುತ್ತಿರುವುದೆಲ್ಲ ಈ ಎರಡನೆಯ ಮಾತಿನ ಸುತ್ತಲೇ ಇದೆ.

ಬೃಹನ್ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು. ಒಂದು ಕಾಲಕ್ಕೆ ಇಲ್ಲಿ ಕನ್ನಡ ಶಾಲೆ ಎಂದರೆ ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹುಡುಗರ ನೆನಪಾಗುತ್ತಿತ್ತು. ಅಂಥ ಮನೆಗಳ ಮೊಮ್ಮಕ್ಕಳು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ನನ್ನ ತರಗತಿಯಲ್ಲಿರುವವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಗೌಂಡಿಗಳ, ಕೂಲಿಯವರ ಮಕ್ಕಳು. ಅಪ್ಪ ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕಾಗಿ ಕಾಯುವ ಚೌಕದಲ್ಲಿ, ನಿಂತು ಯಾರಾದರೂ ಕರೆದರೆ ಆ ದಿನದ ಕೂಲಿ. ಕೆಲವು ಮಕ್ಕಳ ಮನೆಮಾತು ಲಂಬಾಣಿ. ಓಣಿಯಲ್ಲಿ ಆಡುವುದು ಹಿಂದಿಯಲ್ಲಿ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಇಂಗ್ಲಿಷ್ ಹೇಗೂ ಇದೆ. ಆರು ವರ್ಷದ ಮಗುವಿನ ಕಿವಿಗೆ ಇಷ್ಟೆಲ್ಲ ಬೀಳುತ್ತದೆ.

ಜೂನ್ ಮಧ್ಯದಲ್ಲಿ ನಮ್ಮ ಪ್ರವೇಶೋತ್ಸವ. ತೋರಣ ಕಟ್ಟಿ, ಬಂದ ಮಕ್ಕಳ ಕೈಗೆ ಹೂವು ಕೊಟ್ಟು, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯಿಂದ ಬಂದ ಕನ್ನಡ ಪುಸ್ತಕ ಹಂಚಿದೆವು. ಅರ್ಧ ಬೆಂಚು ಖಾಲಿ. ಮುಂಗಾರು ಮುಂಬಯಿಗೆ ಬರುವ ಹೊತ್ತಿಗೇ ಕಲಬುರಗಿಯಲ್ಲಿ ತೊಗರಿ ಬಿತ್ತನೆ. ಎಕರೆಯೋ ಎರಡೆಕರೆಯೋ, ಇದ್ದಷ್ಟು ಹೊಲ ಬಿತ್ತದೆ ಯಾರೂ ರೈಲು ಹತ್ತುವುದಿಲ್ಲ. ಕಾರ ಹುಣ್ಣಿಮೆ ಆಗಬೇಕು. ಮಳೆ ತಡವಾದರೆ ಮಣ್ಣೆತ್ತಿನ ಅಮಾವಾಸ್ಯೆಯನ್ನೂ ದಾಟಬೇಕು. ಜುಲೈ ತುಂಬ ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಕೊಡೆ ಮಡಚುತ್ತ ಬಾಗಿಲಲ್ಲಿ ನಿಂತ ಒಬ್ಬ ತಾಯಿ ಕೇಳಿದರು: "ಬಿತ್ತಿಗಿ ಮುಗಿಸ್ಕೊಂಡು ಈಗ ಬಂದೀವ್ರಿ ಟೀಚರ್ರ, ಹುಡುಗನ ಹೆಸರು ತಗದೀರೇನ್ರಿ?" "ಇಲ್ಲವಾ, ಒಳಗ ಕಳಸ್ರಿ" ಅಂದೆ. ಆ ಮುಖ ಹಗುರಾದದ್ದನ್ನು ನೋಡಿದ ಮೇಲೆ, ತಡವಾಗಿ ಬಂದದ್ದಕ್ಕೆ ಯಾವ ಪಾಲಕರಿಗೂ ಒಂದು ಮಾತೂ ಅನ್ನಬಾರದು ಎಂದು ನಿಶ್ಚಯಿಸಿದೆ.

ಬಂದವರಿಗೆ ಪಾಠ ಹೇಗೆ? ವಾರ್ಷಿಕ ನಿಯೋಜನ, ಅಂದರೆ ವರ್ಷದ ಪಾಠಗಳ ಯೋಜನೆ, ಬರೆಯುವಾಗ ಎಲ್ಲರೂ ಒಂದೇ ದಿನ ಬಂದು ಕೂತಿದ್ದಾರೆಂದೇ ಬರೆಯುತ್ತೇವೆ. ಇಲ್ಲಿ ಒಂದು ಮಗು ಸ್ವರಗಳನ್ನು ಮುಗಿಸಿದಾಗ ಇನ್ನೊಂದು ಮಗು ಪೆನ್ಸಿಲ್ ಹಿಡಿಯುತ್ತಿರುತ್ತದೆ. ಮೂರನೆಯ ಬಗೆಯವರೂ ಇದ್ದಾರೆ. ಕರ್ನಾಟಕದಲ್ಲಿ ಮೇ ಕೊನೆಗೇ ಶಾಲೆ ತೆರೆಯುವುದರಿಂದ ಇವರು ಅಜ್ಜಿಯ ಊರಿನ ಸರ್ಕಾರಿ ಶಾಲೆಯಲ್ಲಿ ಕೆಲವು ದಿನ ಕೂತು ಬಂದಿರುತ್ತಾರೆ, ಕೆಲವರು ಹೋದ ವರ್ಷವೆಲ್ಲ ಅಲ್ಲೇ ಓದಿರುತ್ತಾರೆ. ಇಂಥ ಹುಡುಗನಿಗೆ ಅ ಆ ಇ ಈ ಹೇಳು ಎಂದರೆ ನೆಲ ನೋಡುತ್ತಾನೆ. "ಗರಗಸ" ಎಂದು ಬರೆದು ತೋರಿಸಿದರೆ ತಟ್ಟನೆ ಓದುತ್ತಾನೆ. ಏಕೆಂದರೆ ಚಟುವಟಿಕೆಗಳ ಮೂಲಕ ಕಲಿಸುವ ಅಲ್ಲಿನ ನಲಿ-ಕಲಿ ತರಗತಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂಬ ಸಾಲಿನಿಂದ. ಅಷ್ಟು ಕಲಿತರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಇದು ಗೊತ್ತಿಲ್ಲದ ಶಿಕ್ಷಕರು ಆ ಹುಡುಗನಿಗೆ ಏನೂ ಬಾರದು ಎಂದು ಹಿಂದಿನ ಬೆಂಚಿಗೆ ಕಳಿಸಿಬಿಡಬಹುದು. ಹೊಸ ಮಗು ಬಂದ ದಿನ ನಾನು ಮೊದಲು ಕೇಳುವುದೇ, ಎಲ್ಲಿ ಓದಿದ್ದಿ, ಯಾವ ಅಕ್ಷರದವರೆಗೆ ಬಂದಿದ್ದಿ ಎಂದು.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಶುರುವಾದದ್ದು. ಅದರ ಕಲಿಕಾ ಏಣಿಯಲ್ಲಿ ಮಗು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಊರಿಗೂ ನಗರಕ್ಕೂ ಓಡಾಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ನಮ್ಮ ಪಠ್ಯ ಮಹಾರಾಷ್ಟ್ರದ್ದೇ, ಆದರೆ ಗೋಡೆಯ ಮೇಲೆ ಅಂಥದೊಂದು ಏಣಿ ಬರೆದು ಪ್ರತಿ ಮಗುವಿನ ಹೆಸರನ್ನು ಅದು ಇರುವ ಮೆಟ್ಟಿಲಿಗೆ ಅಂಟಿಸಿದ್ದೇನೆ. ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ನೋಡಿ ತಮ್ಮ ತರಗತಿಗೂ ಬರೆದುಕೊಂಡರು. ಮನಸ್ಸು ತುಂಬಿತು.

ಕಾಗದಪತ್ರದ ಕಷ್ಟವೂ ಇದೆ. ಆಧಾರಿನಲ್ಲಿ ಒಂದು ಹೆಸರು, ಊರಿನ ಟಿಸಿಯಲ್ಲಿ ಇನ್ನೊಂದು, ಮಗು ಹೇಳುವುದು ಮತ್ತೊಂದು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲವೆಂದು, ಟಿಸಿ ತಡವಾಯಿತೆಂದು, ವರ್ಷದ ನಡುವೆ ಬಂದರೆಂದು ಪ್ರವೇಶ ನಿರಾಕರಿಸುವಂತಿಲ್ಲ. ನನ್ನ ಪಾಲಿಗೆ ಆ ಕಾಯ್ದೆಯ ಅತಿ ಮುಖ್ಯ ಸಾಲುಗಳು ಇವು.

ಇನ್ನೊಂದು ಲೆಕ್ಕವಿದೆ, ಅದು ನನ್ನ ನಿದ್ದೆ ಕೆಡಿಸುತ್ತದೆ. ಸೆಪ್ಟೆಂಬರ್ 30ಕ್ಕೆ ಇರುವ ಪಟಸಂಖ್ಯೆಯ, ಅಂದರೆ ದಾಖಲಾದ ಮಕ್ಕಳ ಸಂಖ್ಯೆಯ, ಮೇಲೆ ಶಾಲೆಗೆ ಎಷ್ಟು ಶಿಕ್ಷಕರು ಎಂಬುದು ನಿರ್ಧಾರವಾಗುತ್ತದೆ. ಐದನೆಯ ತರಗತಿಯವರೆಗಿನ ಶಾಲೆಗೆ ಕಾಯ್ದೆ ಹೇಳುವುದು 60 ಮಕ್ಕಳವರೆಗೆ ಇಬ್ಬರು, 61 ಆದರೆ ಮೂವರು. ಐದು ತರಗತಿಗಳನ್ನು ಇಬ್ಬರು ಹಂಚಿಕೊಳ್ಳುವುದೆಂದರೆ ಏನು ಎಂದು ಮಾಡಿದವರಿಗೇ ಗೊತ್ತು. ಹಾಗಾಗಿ ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಕಟ್ಟಡ ಕೆಲಸದ ಜಾಗಗಳಿಗೆ, ಜೋಪಡಿಗಳಿಗೆ ಹೋಗಿ ಮಕ್ಕಳನ್ನು ಹುಡುಕುತ್ತೇವೆ.

"ಮಕ್ಕಳು ಬರ್ತಾರಾ?" ಎಂದು ಕೇಳುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಸೊಸೈಟಿಯ ಪಕ್ಕ ಕಟ್ಟಡ ಏಳುತ್ತಿದ್ದು, ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ನಿಂತು ಮಾತಾಡಿಸಿ. ಯಾವ ತಿಂಗಳಾದರೂ ಮಗುವನ್ನು ಸೇರಿಸಬಹುದು, ಪುಸ್ತಕಕ್ಕೂ ಸಮವಸ್ತ್ರಕ್ಕೂ ಮಧ್ಯಾಹ್ನದ ಊಟಕ್ಕೂ ದುಡ್ಡು ಕೊಡಬೇಕಿಲ್ಲ ಎಂದು ಹೇಳಿ. ಶಾಲೆ ಎಲ್ಲಿದೆ ಎಂದು ತಿಳಿಯದಿದ್ದರೆ ಹತ್ತಿರದ ಯಾವುದೇ ಪಾಲಿಕೆ ಶಾಲೆಯಲ್ಲಿ ವಿಚಾರಿಸಿ. ಬಿಡುವಿದ್ದರೆ ಮೊದಲ ದಿನ ನೀವೂ ಅವರ ಜೊತೆ ಬನ್ನಿ.