ದಿದುಬೆಯಿಂದ ಮೆಸ್ತಿಯಾಕ್ಕೆ, ಅಕ್ಷರ ಬಾರದವನಾಗಿ

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯ ದಿದುಬೆ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತಿದ್ದಾಗ, ಸುತ್ತಲಿನ ಬೋರ್ಡುಗಳನ್ನೆಲ್ಲ ಇನ್ನೊಂದು ಕ್ಷಣದಲ್ಲಿ ಓದಿಬಿಡುತ್ತೇನೆ ಎಂದು ನನಗೆ ಪದೇ ಪದೇ ಅನ್ನಿಸುತ್ತಿತ್ತು. ಜಾರ್ಜಿಯನ್ ಲಿಪಿ ಅಷ್ಟು ದುಂಡಗಿದೆ. ಕನ್ನಡಕ ಮರೆತು ಬಂದವನು ದೂರದಿಂದ ಕನ್ನಡದ ಬೋರ್ಡನ್ನು ನೋಡಿದರೆ ಹೇಗೆ ಕಾಣುತ್ತದೆಯೋ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಒಂದಕ್ಷರವೂ ನಮ್ಮದಲ್ಲ. ನನ್ನ ಕಣ್ಣಿಗೆ ಗಕಾರವೆಂದೇ ತೋರುತ್ತಿದ್ದ ಅಕ್ಷರವು ಅವರ ರಕಾರ ಎಂಬುದು ತಿಳಿದದ್ದು ಬಹಳ ಹೊತ್ತಿನ ಮೇಲೆ.

ಅದು 2019ರ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ. ನಾನು ಮತ್ತು ನನ್ನ ಪತ್ನಿ, ಕಾಕಸಸ್ ಪರ್ವತಗಳ ನಡುವೆ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಮೆಸ್ತಿಯಾ ಎಂಬ ಊರಿಗೆ ಹೊರಟಿದ್ದೆವು. ಟಿಬಿಲಿಸಿಯಿಂದ ಅಲ್ಲಿಗೆ ಸುಮಾರು 460 ಕಿಲೋಮೀಟರ್. ನೇರವಾಗಿ ಹೋಗುವ ವ್ಯಾನಿನಲ್ಲಿ ಹಿಂದಿನ ದಿನವೇ ಸೀಟು ಹಿಡಿಯದೆ ಇದ್ದದ್ದು ನನ್ನದೇ ಉದಾಸೀನ. ಹಾಗಾಗಿ ಕುತಾಯಿಸಿ, ಜುಗ್ದಿದಿ ಎಂಬ ಎರಡು ಊರುಗಳಲ್ಲಿ ಇಳಿದು, ಹತ್ತಿ, ದಿನವನ್ನು ಮೂರು ತುಂಡು ಮಾಡಿಕೊಂಡು ಹೋಗಬೇಕಾಯಿತು. ಅಲ್ಲಿನ ಜನ ಓಡಾಡುವುದು ಮಾರ್ಶ್ರುತ್ಕಾ ಎಂಬ ವ್ಯಾನುಗಳಲ್ಲಿ. ಹೆಸರು ರಷ್ಯನ್ ಭಾಷೆಯದ್ದಾದರೂ ವ್ಯವಸ್ಥೆ ನಮ್ಮ ಹಳ್ಳಿದಾರಿಗಳ ಟೆಂಪೋಗಳದ್ದೇ: ಜನ ತುಂಬಿದರೆ ಹೊರಟಿತು, ತುಂಬದಿದ್ದರೆ ಇಲ್ಲ. ಚಾಲಕರು ಬಾಗಿಲ ಬಳಿ ನಿಂತು ಊರಿನ ಹೆಸರು ಕೂಗುತ್ತಾರೆ. ಅವರಲ್ಲೊಬ್ಬ ನಮ್ಮನ್ನು ನೋಡಿ "ಮೋದಿ, ಮೋದಿ" ಎಂದು ಕೈಬೀಸಿದಾಗ, ಭಾರತದವರೆಂದು ಗುರುತು ಹಿಡಿದು ಪ್ರಧಾನಿಯ ಹೆಸರು ಹೇಳುತ್ತಿದ್ದಾನೆಂದು ತಿಳಿದು ನಾನು ನಗುತ್ತಾ ತಲೆಯಾಡಿಸಿದೆ. ಜಾರ್ಜಿಯನ್ ಭಾಷೆಯಲ್ಲಿ ಮೋದಿ ಎಂದರೆ 'ಬಾ'. ನಾನು ಅಲ್ಲಾಡದೆ ನಿಂತದ್ದನ್ನು ಕಂಡು ಆತ ಇನ್ನೂ ಜೋರಾಗಿ ಕರೆದ.

ಮಾತು ಬಾರದಿರುವುದು ನನ್ನನ್ನು ಅಷ್ಟಾಗಿ ಕಂಗೆಡಿಸಲಿಲ್ಲ. ಕೈ ಬಾಯಿ ಸನ್ನೆಗಳಿಂದ ಅರ್ಧ ಕೆಲಸವಾಗುತ್ತದೆ. ಓದಲು ಬಾರದೆ ಹೋದದ್ದು ಮಾತ್ರ ಇಡೀ ದಿನ ಕಾಡಿತು. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ತಿಪಟೂರಿನ ಬಸ್ ನಿಲ್ದಾಣದಲ್ಲಿ ಬೋರ್ಡು ಕಣ್ಣೆದುರೇ ಇದ್ದರೂ ಆಕೆ ಕನಿಷ್ಠ ಮೂವರನ್ನು ಕೇಳಿ ಬಸ್ಸು ಹತ್ತುತ್ತಿದ್ದರು. ಮಾಧ್ಯಮಿಕ ಶಾಲೆಯ ಹುಡುಗನಾಗಿದ್ದ ನನಗೆ ಅದರಿಂದ ಬಹಳ ನಾಚಿಕೆಯಾಗುತ್ತಿತ್ತು. ಆಕೆ ಎಂದೂ "ಇದು ಹಾಸನಕ್ಕೆ ಹೋಗುತ್ತದಾ?" ಎಂದು ಕೇಳುತ್ತಿರಲಿಲ್ಲ. "ಈ ಬಸ್ಸು ಎಲ್ಲಿಗೆ ಹೋಗುತ್ತದಪ್ಪಾ?" ಎಂದೇ ಕೇಳುತ್ತಿದ್ದರು. ಊರಿನ ಹೆಸರು ನಾವೇ ಹೇಳಿಬಿಟ್ಟರೆ ಅರೆಮನಸ್ಸಿನಿಂದ ಕೇಳಿಸಿಕೊಂಡವರು 'ಹೂಂ' ಅಂದುಬಿಡುತ್ತಾರೆ ಎಂಬುದು ಆಕೆಗೆ ಅನುಭವದಿಂದ ಗೊತ್ತಿತ್ತು. ನನಗೆ ಅದು ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಕುತಾಯಿಸಿಯಲ್ಲಿ.

ಕುತಾಯಿಸಿಯವರೆಗಿನ ನಾಲ್ಕು ಗಂಟೆ ಸಲೀಸಾಗಿಯೇ ಕಳೆಯಿತು. ಚೀಲಗಳು ತೊಡೆಯ ಮೇಲೆ, ಮಂಡಿ ಮುಂದಿನ ಸೀಟಿಗೆ ಒತ್ತಿಕೊಂಡು, ಕಿಟಕಿ ತೆಗೆಯಲು ಯಾರೂ ಒಪ್ಪದೆ ಕುಳಿತಿದ್ದೆವು ಎಂಬುದನ್ನು ಬಿಟ್ಟರೆ ದೂರುವಂಥದ್ದೇನೂ ಇರಲಿಲ್ಲ. ಸುರಾಮಿ ಎಂಬಲ್ಲಿ ರಸ್ತೆಬದಿಯ ಮಳಿಗೆಗಳಲ್ಲಿ ಹೆಂಗಸರು ನಜೂಕಿ ಎಂಬ, ದಾಲ್ಚಿನ್ನಿ ಮತ್ತು ಒಣದ್ರಾಕ್ಷಿ ಹಾಕಿದ ಸಿಹಿ ರೊಟ್ಟಿಯನ್ನು ಮಾರುತ್ತಿದ್ದರು. ರಿಕೋತಿ ಸುರಂಗ ದಾಟಿದರೆ ದೇಶದ ಪಶ್ಚಿಮ ಭಾಗ. ಒಣಗಿದ ಹುಲ್ಲಿನ ಗುಡ್ಡಗಳು ಮುಗಿದು, ಸಕಲೇಶಪುರದ ಘಟ್ಟ ಇಳಿದಂತೆ ಹಸಿರು ಒಮ್ಮೆಲೇ ದಟ್ಟವಾಗುತ್ತದೆ. ದಾರಿಯಲ್ಲಿ ಚರ್ಚು ಕಂಡಾಗಲೆಲ್ಲ ವ್ಯಾನಿನಲ್ಲಿದ್ದವರು, ಸ್ಟಿಯರಿಂಗ್ ಹಿಡಿದಿದ್ದ ಚಾಲಕನೂ ಸೇರಿ, ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಗುಡಿ ಹಾದುಹೋಗುವಾಗ ಬಸ್ಸಿನಿಂದಲೇ ಕೈಮುಗಿಯುವವರ ನಾಡಿನಿಂದ ಬಂದವರಿಗೆ ಅದೊಂದಕ್ಕೆ ಅನುವಾದ ಬೇಕಾಗಲಿಲ್ಲ.

ನನ್ನ ಪತ್ನಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ದಾರಿಯುದ್ದಕ್ಕೂ ಆಕೆ ಎರಡು ಲಿಪಿಗಳಲ್ಲಿದ್ದ ಊರಿನ ಫಲಕಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಬಂದಳು. ಜಾರ್ಜಿಯನ್ ವರ್ಣಮಾಲೆಯಲ್ಲಿರುವುದು 33 ಅಕ್ಷರಗಳು. ಆ ನಾಡಿನ ಮೂರು ಬಗೆಯ ಬರವಣಿಗೆಯ ಪರಂಪರೆಯನ್ನು ಯುನೆಸ್ಕೋ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. "ಇವರಿಗೆ ಕಾಗುಣಿತವೇ ಇಲ್ಲ ನೋಡಿ, ಸ್ವರವನ್ನೂ ಪಕ್ಕದಲ್ಲಿ ಬೇರೆಯಾಗಿಯೇ ಬರೆಯುತ್ತಾರೆ, ಮಕ್ಕಳಿಗೆ ಎಷ್ಟು ಸುಲಭ" ಎಂದು ಆಕೆ ಹೇಳಿದಾಗ ನಾನು ನಿದ್ದೆಗಣ್ಣಿನಲ್ಲಿ ಹೂಂಗುಟ್ಟಿದೆ. ಅಷ್ಟರಲ್ಲಿ ನಾನೂ ಒಂದು ಅಕ್ಷರ ಕಲಿತಿದ್ದೆ: ತಲೆಯ ಮೇಲೊಂದು ಸುರುಳಿ ಇಟ್ಟ ಮೂರರ ಅಂಕಿಯಂಥದ್ದು, ಜುಗ್ದಿದಿಯ ಮೊದಲ ಅಕ್ಷರ.

ಅರೆಬರೆ ಓದು ಎಂಥ ಅಪಾಯ ಎಂಬುದು ಕುತಾಯಿಸಿಯ ನಿಲ್ದಾಣದಲ್ಲಿ ತಿಳಿಯಿತು. ಗಾಜಿನ ಮೇಲಿನ ಬೋರ್ಡಿನಲ್ಲಿ ಆ ಅಕ್ಷರ ಕಂಡದ್ದೇ ತಡ, ನಾನು "ಜುಗ್ದಿದಿ?" ಎಂದೆ, ಫೋನಿನಲ್ಲಿ ಮಾತನಾಡುತ್ತಿದ್ದ ಚಾಲಕ ತಲೆಯಾಡಿಸಿದ, ನಾವು ಒಳಗೆ ಕುಳಿತೆವು. ಕಾಲು ಗಂಟೆಯಾದ ಮೇಲೆ ಪತ್ನಿ ಕೆಳಗಿಳಿದು ಬೋರ್ಡಿನ ಮುಂದೆ ನಿಂತಳು. "ರೀ, ಇದು ಅಲ್ಲ. ಜುಗ್ದಿದಿ ಅಂದರೆ ಕೊನೆಯಲ್ಲಿ ದಿ ಎರಡು ಸಲ ಬರಬೇಕು. ಎರಡೆರಡು ಅಕ್ಷರದ ಒಂದೇ ಜೋಡಿ ಮತ್ತೆ ಬರಬೇಕು. ಇಲ್ಲಿ ಎಲ್ಲಿದೆ ತೋರಿಸಿ?" ಆ ವ್ಯಾನು ಹೊರಟಿದ್ದದ್ದು ಜೆಸ್ತಪೋನಿಗೆ, ಅಂದರೆ ನಾವು ಒಂದು ಗಂಟೆಯ ಹಿಂದಷ್ಟೇ ದಾಟಿ ಬಂದ ಊರಿಗೆ. ಎರಡೂ ಊರುಗಳ ಮೊದಲ ಅಕ್ಷರ ಒಂದೇ. ಚೀಲಗಳನ್ನು ಮತ್ತೆ ಇಳಿಸಿಕೊಂಡು, ಅಜ್ಜಿಯ ಕ್ರಮದಲ್ಲಿ, ಒಂದೊಂದು ವ್ಯಾನಿನ ಮುಂದೆಯೂ ಕೈ ತೋರಿಸಿ ಹುಬ್ಬೇರಿಸುತ್ತಾ ಊರಿನ ಹೆಸರನ್ನು ಅವರ ಬಾಯಿಂದಲೇ ಹೇಳಿಸಿದೆ. ಬೇಕಾಗಿದ್ದ ವ್ಯಾನು ಐದನೆಯದಾಗಿತ್ತು.

ಜುಗ್ದಿದಿಯನ್ನು ತಲುಪುವಾಗ ಮಧ್ಯಾಹ್ನ ಮೂರು ಗಂಟೆ. ಬೆಳಗಿನಿಂದ ಹೊಟ್ಟೆಗೆ ಚಹಾ, ನಜೂಕಿ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಬೇಕರಿಯಲ್ಲಿ ದುಂಡನೆಯ ರೊಟ್ಟಿಗಳ ಸಾಲು. ರಾಜ್ಮಾ ಕಾಳಿನ ಹೂರಣ ತುಂಬಿದ ಲೋಬಿಯಾನಿ ನಮ್ಮ ಹೋಳಿಗೆಯ ದಪ್ಪ ದಾಯಾದಿಯಂತಿರುತ್ತದೆ. ಮಾಂಸ ತುಂಬಿದ ಕುಬ್ದಾರಿಯೂ ಹೊರಗಿನಿಂದ ನೋಡಲು ಹೆಚ್ಚುಕಡಿಮೆ ಹಾಗೆಯೇ. ಕೆಲವು ಕಡೆ ಲೋಬಿಯಾನಿಗೂ ಹಂದಿಮಾಂಸದ ಚೂರು ಸೇರಿಸುತ್ತಾರೆ. ಫೋನಿನ ಅನುವಾದವನ್ನು ತೋರಿಸಿದರೆ ಅಂಗಡಿಯಾಕೆ ಓದಿ ಇನ್ನಷ್ಟು ಗೊಂದಲಕ್ಕೆ ಬಿದ್ದರು. ಕೊನೆಗೆ ಪತ್ನಿ ಪುಸ್ತಕ ತೆಗೆದು ಓದಿದಳು: "ಸಮರ್ಖ್ವೊ." ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವ್ರತದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ, ಆ ದಿನದ ಆಹಾರಕ್ಕೆ ಈ ಹೆಸರು. ಬುಧವಾರ, ಶುಕ್ರವಾರ ವ್ರತದ ದಿನಗಳು, ಅಂದು ಶುಕ್ರವಾರ. ಅಂಗಡಿಯಾಕೆಯ ಮುಖ ಅರಳಿತು. ನಮ್ಮನ್ನು ಎಲ್ಲಿಯದೋ ದೂರದೇಶದ ಶ್ರದ್ಧಾವಂತ ಕ್ರೈಸ್ತರೆಂದು ತಿಳಿದರೋ ಏನೋ, ಎರಡು ಬಿಸಿ ಲೋಬಿಯಾನಿಯ ಜೊತೆಗೆ ನಾಲ್ಕು ಅಂಜೂರದ ಹಣ್ಣನ್ನೂ ಕಟ್ಟಿಕೊಟ್ಟರು. ತಿದ್ದುವಷ್ಟು ಭಾಷೆ ನಮ್ಮಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ ತಿದ್ದುವ ಮನಸ್ಸೂ ಇರಲಿಲ್ಲ.

ಮೆಸ್ತಿಯಾದ ವ್ಯಾನಿನವನು ಒಬ್ಬರಿಗೆ "ಓತ್ಸಿ", ಅಂದರೆ ಅಲ್ಲಿನ ಹಣದಲ್ಲಿ ಇಪ್ಪತ್ತು ಲಾರಿ, ಎಂದಿದ್ದ. ಇಬ್ಬರೂ ಕುಳಿತ ಮೇಲೆ "ಓರ್ಮೋತ್ಸಿ" ಎಂದಾಗ ದರ ಏರಿಸಿದನೆಂದು ನಾನು ಸಿಟ್ಟಾದೆ. ಓರಿ ಎಂದರೆ ಎರಡು, ಓತ್ಸಿ ಎಂದರೆ ಇಪ್ಪತ್ತು. ಅವರ ಎಣಿಕೆ ಇಪ್ಪತ್ತರ ಕಟ್ಟಿನದು, ನಲವತ್ತು ಎಂದರೆ ಎರಡಿಪ್ಪತ್ತು, ಐವತ್ತು ಎಂದರೆ ಎರಡಿಪ್ಪತ್ತು ಮತ್ತು ಹತ್ತು. ಇದನ್ನು ಬಿಡಿಸಿದವಳೂ ಪತ್ನಿಯೇ. ಆತ ಹತ್ತು ನಿಮಿಷದಲ್ಲಿ ಹೊರಡುತ್ತೇನೆಂದು ಎರಡೂ ಕೈಯ ಬೆರಳುಗಳನ್ನು ತೋರಿಸಿ ಹೋದವನು, ಕೊನೆಯ ಸೀಟು ತುಂಬಿ ವ್ಯಾನು ಹೊರಡುವಾಗ ನಾಲ್ಕೂವರೆಯಾಗಿತ್ತು.

ಅಷ್ಟು ಹೊತ್ತಿಗೆ ನನ್ನ ತಲೆ ನೋಯತೊಡಗಿತ್ತು. ಬೆಳಗಿನಿಂದ ಪ್ರತಿ ಶಬ್ದವನ್ನೂ ಕಿವಿಗೊಟ್ಟು ಹಿಡಿಯಲು ಹೋಗಿ ಆದ ಆಯಾಸವದು. ಚೀಲ ಹೊತ್ತ ಭುಜಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು. ವಿಚಿತ್ರವೆಂದರೆ ಬೆಳಿಗ್ಗೆ ಕಲಿತ ಹತ್ತು ಹದಿನೈದು ಮಾತುಗಳಲ್ಲಿ ಒಂದೂ ಈ ವ್ಯಾನಿನಲ್ಲಿ ಕೇಳಿಸಲಿಲ್ಲ. ಜುಗ್ದಿದಿ ಸುತ್ತಿನ ಜನರ ಮನೆಮಾತು ಮೆಗ್ರೇಲಿಯನ್, ಮೆಸ್ತಿಯಾದವರದ್ದು ಸ್ವಾನ್; ಎರಡೂ ಜಾರ್ಜಿಯನ್ನಿನ ಬಂಧುಗಳಾದರೂ ಬೇರೆಯೇ ಭಾಷೆಗಳು, ಶಾಲೆಯ ಓದು ಬರಹ ಮಾತ್ರ ಜಾರ್ಜಿಯನ್ನಿನಲ್ಲಿ. ಮನೆಯಲ್ಲಿ ತುಳುವನ್ನೋ ಕೊಡವವನ್ನೋ ಆಡಿ ಶಾಲೆಯಲ್ಲಿ ಕನ್ನಡ ಬರೆಯುವವರನ್ನು ಬಲ್ಲ ನಮಗೆ ಇದು ಅರ್ಥವಾಗದ ಸಂಗತಿಯಲ್ಲ, ಆದರೆ ಆ ಹೊತ್ತಿನಲ್ಲಿ ಅರ್ಥ ಮಾಡಿಕೊಳ್ಳುವ ತ್ರಾಣ ಉಳಿದಿರಲಿಲ್ಲ. 271.5 ಮೀಟರ್ ಎತ್ತರದ ಎಂಗುರಿ ಅಣೆಕಟ್ಟು ಬಂದಾಗ ಪಕ್ಕದ ಮುದುಕರೊಬ್ಬರು ನನ್ನನ್ನು ತಿವಿದು ಎಬ್ಬಿಸಿ ಹೆಮ್ಮೆಯಿಂದ ತೋರಿಸಿದರು. ಆಮೇಲೆ ಕಣಿವೆಯ ತಿರುವುಗಳು, ರಸ್ತೆಯಲ್ಲೇ ಮಲಗಿದ ಹಸುಗಳು, ಕತ್ತಲೆ.

ಮೆಸ್ತಿಯಾ ತಲುಪಿದಾಗ ರಾತ್ರಿ ಎಂಟು. ಸ್ವಾನ್ ಜನರ ಹಳೆಯ ಕಲ್ಲಿನ ಗೋಪುರಗಳು ಬೆಳಕಿನಲ್ಲಿ ನಿಂತಿದ್ದವು. ಅವನ್ನು ನೋಡಲೆಂದೇ ಅಷ್ಟು ದೂರ ಬಂದಿದ್ದರೂ ನಾನು ತಲೆ ಎತ್ತಿ ಸರಿಯಾಗಿ ನೋಡಲಿಲ್ಲ. ಉಳಿದುಕೊಳ್ಳುವ ಮನೆಯ ಯಜಮಾನಿ ದಪ್ಪ ರಿಜಿಸ್ಟರ್ ತಂದು ಪೆನ್ನು ಕೊಟ್ಟರು. ಪತ್ನಿ ಅಭ್ಯಾಸಬಲದಿಂದ ಹೆಸರನ್ನು ಕನ್ನಡದಲ್ಲಿ ಬರೆದುಬಿಟ್ಟಳು. ಯಜಮಾನಿ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಓದುವವರಂತೆ ತುಟಿ ತೆರೆದರು, ನಿಂತರು, ಕನ್ನಡಕ ತರಿಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಜೋರಾಗಿ ನಕ್ಕು, ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಪತ್ನಿಯ ಕಡೆಗೆ ಹುಬ್ಬೇರಿಸಿದರು. ನಾನು ಮಲಗಲು ಹೋದೆ. ಕಾಲುಚೀಲ ಬಿಚ್ಚುವ ಮೊದಲೇ ನಿದ್ದೆ ಬಂದಿತ್ತಂತೆ. ಕೆಳಗಿನ ಕೋಣೆಯಲ್ಲಿ ಅವರಿಬ್ಬರು ಇನ್ನೂ ಅಕ್ಷರ ಬರೆಯುತ್ತಿದ್ದರಂತೆ.