ಮುಧೋಳ ಸೂಲು, 33ರಿಂದ 55ನೇ ದಿನ: ಕುಕ್ಕರ್ ಕೂಗಿದಾಗ

ಏಳು ಮುಧೋಳ ನಾಯಿಮರಿ, ಗುರುತಿಗೆ ಏಳು ಬಣ್ಣದ ದಾರ. ತೂಕ ಸರಿಯಾಗಿ ಏರುತ್ತಿದೆ. 2, 4, 6ನೇ ವಾರದ ಜಂತುಹುಳದ ಔಷಧಿ ಮುಗಿದಿದೆ. ತಾಯಿ ಈಗ ನಿಂತಲ್ಲೇ ಎರಡು ನಿಮಿಷ ಹಾಲು ಕೊಟ್ಟು, ಹಲ್ಲು ತಾಗಿದ ಕೂಡಲೇ ಒದರಿಕೊಂಡು ಹೋಗುತ್ತಾಳೆ. ಇದೆಲ್ಲ ಎಲ್ಲರ ಮನೆಯ ಮಾಮೂಲು, ಬರೆಯುವ ಅಗತ್ಯವಿಲ್ಲ. ಈ ಸಲದ ಟಿಪ್ಪಣಿ ಪೂರ್ತಿ ಕುಕ್ಕರಿಗೆ ಮೀಸಲು. ಹೆಚ್ಚೂಕಡಿಮೆ ಮೂರು ವಾರ ತಲೆ ತಿಂದ ಸಮಸ್ಯೆ 52ನೇ ದಿನ ಬಗೆಹರಿಯಿತು. ಏಳರಲ್ಲಿ ಆರಕ್ಕೆ.

2005ರಲ್ಲಿ ಅಂಚೆಚೀಟಿ ಮೇಲೆ ಕೂತ ತಳಿ, 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದ ತಳಿ. ತೊಗರಿಬೇಳೆ ಬೇಯುವ ಸದ್ದಿಗೆ ಸೋಫಾ ಕೆಳಗೆ!

ಆದದ್ದು ಇಷ್ಟು. 33ನೇ ದಿನ ಪ್ಲೇಪೆನ್ (ಮರಿಗಳನ್ನು ಬಿಡುವ ಬೇಲಿಕಟ್ಟು) ಅನ್ನು ಹಿಂದಿನ ಕೋಣೆಯಿಂದ ಅಡುಗೆಮನೆ ಬಾಗಿಲ ಪಕ್ಕಕ್ಕೆ ತರಲಾಯಿತು. ಮನೆಯ ಸದ್ದುಗದ್ದಲ ರೂಢಿಯಾಗಲಿ ಎಂಬ ಸದುದ್ದೇಶ. ತಟ್ಟೆ ಇಟ್ಟಾಯಿತು, ಏಳೂ ಮೂತಿ ಇಳಿಸಿದವು, ಅರ್ಧ ತಟ್ಟೆ ಖಾಲಿಯಾಗುವಾಗ ಕುಕ್ಕರ್ ಕೂಗಿತು. ಏಳೂ ಚದುರಿದವು. ಐದು ಮರಿ ಸ್ವಲ್ಪ ಹೊತ್ತಿಗೆ ವಾಪಸ್ ಬಂದವು. ಹಳದಿ ಮತ್ತು ನೀಲಿ ಬರಲಿಲ್ಲ. ಮುಂದಿನ ಊಟಕ್ಕೂ ಬರಲಿಲ್ಲ, ಆಗ ಒಲೆಯ ಮೇಲೆ ಕುಕ್ಕರ್ ಇರಲೂ ಇಲ್ಲ. ಅವು ಹೆದರಿದ್ದು ತಟ್ಟೆಗೆ.

ಇಲ್ಲಿ ಒಂದಲ್ಲ, ನಾಲ್ಕು ತಪ್ಪು ಒಟ್ಟಿಗೆ ಸೇರಿದ್ದವು. ಬಿಡಿಸಿ ನೋಡಲು ಎರಡು ದಿನ ಹಿಡಿಯಿತು.

ಮೊದಲನೆಯದು ಫೋನು. ಕಿವಿ ತೆರೆದ ಮೇಲೆ, 20ನೇ ದಿನದಿಂದ, ಸದ್ದುಗಳ ಆಡಿಯೋ ಹಾಕುತ್ತಿದ್ದದ್ದು ನಿಜ. ಕುಕ್ಕರ್, ಮಿಕ್ಸಿ, ಪಟಾಕಿ, ಗುಡುಗು, ಎಲ್ಲವೂ ಪಟ್ಟಿಯಲ್ಲಿದ್ದವು. ಮರಿಗಳು ಆರಾಮಾಗಿ ನಿದ್ದೆ ಮಾಡಿದವು. ನೋಟ್‌ಬುಕ್ಕಿನಲ್ಲಿ ಸಾಲುಸಾಲು ಟಿಕ್ ಬಿತ್ತು. ಗಾಳಿಗೆ ಗುದ್ದಿದ್ದು ಅಷ್ಟೇ. ಫೋನಿನ ಸ್ಪೀಕರ್‌ಗೆ ಗುಡುಗಿನ, ಪಟಾಕಿಯ ತಗ್ಗು ಧ್ವನಿ ಹೊರಡಿಸುವ ಶಕ್ತಿಯೇ ಇಲ್ಲ. ‘ಢಂ’ ಅನ್ನುವುದು ಅಲ್ಲಿ ‘ಟಪ್’ ಆಗುತ್ತದೆ. ಕುಕ್ಕರಿನದು ಇದರ ಉಲ್ಟಾ ಕಥೆ. ಒತ್ತಡದಲ್ಲಿ ಸಣ್ಣ ತೂತಿನಿಂದ ನುಗ್ಗುವ ಹಬೆ ನಮಗೆ ಕೇಳುವ ಕೂಗಿನ ಜೊತೆಗೆ ನಮಗೆ ಕೇಳದಷ್ಟು ಮೇಲಿನ ಸ್ವರವನ್ನೂ ಹೊರಡಿಸುತ್ತದೆ. ಕಾರ್ಖಾನೆಗಳಲ್ಲಿ ಗಾಳಿ ಸೋರಿಕೆ ಹುಡುಕುವ ಅಲ್ಟ್ರಾಸಾನಿಕ್ ಯಂತ್ರ ನಡೆಯುವುದೇ ಈ ತತ್ವದ ಮೇಲೆ. ಮನುಷ್ಯರ ಕಿವಿ 20,000 ಹರ್ಟ್ಸ್‌ಗೆ ನಿಲ್ಲುತ್ತದೆ, ನಾಯಿಯದು ಅದರ ದುಪ್ಪಟ್ಟು ದಾಟುತ್ತದೆ. ಮಾಮೂಲಿ ಆಡಿಯೋ ಫೈಲ್ ಸೆಕೆಂಡಿಗೆ 44,100 ಸಲ ಮಾದರಿ ತೆಗೆಯುವುದರಿಂದ ಸುಮಾರು 22,000 ಹರ್ಟ್ಸ್‌ಗಿಂತ ಮೇಲಿನದು ಅದರಲ್ಲಿ ಇರುವುದೇ ಇಲ್ಲ. ಇದರ ಮೇಲೆ ಫೋನಿನ ಮೈಕು ಜೋರು ಸದ್ದನ್ನು ತಾನೇ ತಗ್ಗಿಸಿ ಸಮ ಮಾಡಿಬಿಡುತ್ತದೆ. ಅಂದರೆ ಬೆಚ್ಚಿಬೀಳಿಸುವ ಆ ‘ಹಠಾತ್’ ಕೂಡ ಮಾಯ. ಮರಿಗಳಿಗೆ ರೂಢಿಯಾದದ್ದು ಫೋನು, ಕುಕ್ಕರಲ್ಲ. ದುಡ್ಡು ಕೊಟ್ಟು ಕೊಳ್ಳುವ ‘ಪಪ್ಪಿ ಸೌಂಡ್ಸ್’ ಫೈಲುಗಳನ್ನು ಫೋನಿನಲ್ಲಿ ಹಾಕಿದರೂ ಹಣೆಬರಹ ಇದೇ. ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ಗುಡುಗಿಗೆ ಸ್ವಲ್ಪ ಉಪಯೋಗ. ಹಬೆಗೆ ಹಬೆಯೇ ಬೇಕು.

ಎರಡನೆಯದು ಅನುಕ್ರಮ, ಅತಿ ದುಬಾರಿಯಾದ ತಪ್ಪು ಇದೇ. ‘ಊಟ ಮಾಡುವಾಗ ಸದ್ದು ಕೇಳಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಊಟ ಮೊದಲು ಬಂದು ಸದ್ದು ಆಮೇಲೆ ಬಂದರೆ, ಮರಿ ಕಲಿಯುವ ಪಾಠ ‘ತಟ್ಟೆ ಬಂತು, ಇನ್ನು ಕೂಗು ಬರುತ್ತದೆ’. ಸದ್ದು ಮೊದಲು, ಒಂದು ಸೆಕೆಂಡು ಬಿಟ್ಟು ತಿನಿಸು. ಆಗ ಮಾತ್ರ ಕೂಗು ಒಳ್ಳೆಯದರ ಮುನ್ಸೂಚನೆ. ಜೋರಿಲ್ಲದ ಸದ್ದಿಗೆ ಈ ಕ್ರಮ ತಪ್ಪಿದರೂ ನಡೆದುಹೋಗುತ್ತದೆ, ಅದಕ್ಕೇ ಎಷ್ಟೋ ಜನರಿಗೆ ತಪ್ಪು ಗೊತ್ತೇ ಆಗುವುದಿಲ್ಲ.

ಮೂರನೆಯದು ಗುಂಪು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸಂತಾನ ಇದು. ಒಂದು ಓಡಿದರೆ ಏಳೂ ಓಡುತ್ತವೆ, ಯಾವುದು ಹೆದರಿತು, ಯಾವುದು ಜೊತೆಗೆ ಹೋಯಿತು ಎಂದು ತಿಳಿಯುವುದೇ ಇಲ್ಲ.

ನಾಲ್ಕನೆಯದು ನೆಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಬೆಚ್ಚಿ ಓಡಿದ ಮರಿಯ ಹಿಂಗಾಲು ಎರಡು ಕಡೆಗೆ ಜಾರಿ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಸದ್ದಿನ ಭಯಕ್ಕೆ ಬಿದ್ದ ಭಯ ಸೇರುತ್ತದೆ. ಉದ್ದ ಕಾಲಿನ ಮುಧೋಳಕ್ಕೆ ಇದು ಲ್ಯಾಬ್ರಡಾರ್‌ಗಿಂತ ಹೆಚ್ಚು. ರಬ್ಬರ್ ಮ್ಯಾಟ್ ತರಿಸಿದರೆ ಟೈರ್ ಅಂಗಡಿಯ ವಾಸನೆ. ‘ವಾಸನೆ ಎರಡು ದಿನದಲ್ಲಿ ಹೋಗುತ್ತೆ ಸಾರ್’ ಎಂದ ಅಂಗಡಿಯವರಿಗೆ ನಮಸ್ಕಾರ, ಹದಿನೈದು ದಿನವಾಯಿತು, ಮ್ಯಾಟು ಟೆರೇಸಿನಲ್ಲಿ ತಪಸ್ಸಿಗೆ ಕೂತಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಯೋಗ ಮ್ಯಾಟು, ಅಂಚಿಗೆ ಟೇಪ್ ಅಂಟಿಸಿ.

36ನೇ ದಿನದಿಂದ ಹೊಸ ಕ್ರಮ. 3 ಲೀಟರ್ ಕುಕ್ಕರ್, ಒಳಗೆ ಅರ್ಧ ಲೀಟರ್ ನೀರು ಮಾತ್ರ. ನೀರು ಕಡಿಮೆ ಹಾಕಿ ಮರೆತರೆ ಸೇಫ್ಟಿ ವಾಲ್ವ್ ಹಾರುತ್ತದೆ, ಆಮೇಲೆ ಮರಿಗಳಿಗಿಂತ ಮೊದಲು ನಿಮಗೆ ತರಬೇತಿ ಬೇಕಾಗುತ್ತದೆ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ, ಎರಡು ಕೂಗಿನ ನಡುವೆ ಒಂದೂವರೆ-ಎರಡು ನಿಮಿಷ ಸಿಗಬೇಕು. ಸದ್ದು ತಗ್ಗಿಸಲು ವಿಷಲ್ ಮೇಲೆ ಬಟ್ಟೆ ಹೊದಿಸುವ ಬುದ್ಧಿವಂತಿಕೆ ಬೇಡವೇ ಬೇಡ, ಹಬೆ ಹೋಗುವ ದಾರಿ ಮುಚ್ಚುವುದು ಅಪಾಯ. ಸದ್ದು ತಗ್ಗಿಸಬೇಕಾದದ್ದು ದೂರದಿಂದ ಮತ್ತು ಬಾಗಿಲಿನಿಂದ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ, ಮನೆಯೊಳಗೆ ಗೋಡೆಗಳು ಪ್ರತಿಧ್ವನಿಸುವುದರಿಂದ ಅಷ್ಟು ಇಳಿಯದು. ಮುಚ್ಚಿದ ಒಂದು ಬಾಗಿಲು ಹತ್ತು ಹೆಜ್ಜೆಗಿಂತ ಮೇಲು.

ಆದ್ದರಿಂದ ಮೆಟ್ಟಿಲುಗಳು ಹೀಗೆ: ಎರಡು ಬಾಗಿಲು ಮುಚ್ಚಿ ದೂರದ ಕೋಣೆ; ಒಂದು ಬಾಗಿಲು ತೆರೆದು ಅದೇ ಕೋಣೆ; ಎರಡೂ ತೆರೆದು; ಹಾಲ್‌ನ ಆ ತುದಿ; ಹಾಲ್‌ನ ಈ ತುದಿ; ಅಡುಗೆಮನೆ ಹೊಸ್ತಿಲು. ಒಲೆ ಹತ್ತಿರ ಮರಿ ಬೇಕಾಗಿಯೇ ಇಲ್ಲ. ಒಂದು ಸಲಕ್ಕೆ ಒಂದೇ ಮರಿ, ಮ್ಯಾಟ್ ಮೇಲೆ, ಮೂರು ಕೂಗು, ದಿನಕ್ಕೆ ಎರಡು ಸಲ. ಒಲೆ ಹತ್ತಿರ ಒಬ್ಬರು, ಮರಿ ಹತ್ತಿರ ಒಬ್ಬರು. ಕುಕ್ಕರ್ ಬುಸುಗುಟ್ಟಲು ಶುರುವಾದಾಗ ಏನೂ ಮಾಡಬೇಡಿ. ಕೂಗು ಬಂತು, ಮನಸ್ಸಿನಲ್ಲಿ ‘ಒಂದು’ ಎಣಿಸಿ, ಕಡಲೆಕಾಳಿನಷ್ಟು ದೊಡ್ಡ ಉಪ್ಪಿಲ್ಲದ ಬೇಯಿಸಿದ ಕೋಳಿ ಚೂರು. ಕೂಗು ಮುಗಿಯುವವರೆಗೆ ಒಂದರ ಹಿಂದೆ ಒಂದು, ಕೂಗು ನಿಂತರೆ ತಿನಿಸೂ ನಿಲ್ಲಬೇಕು. ಸದ್ದು ನಿಂತ ಮೇಲೂ ಚೂರು ಹಾಕುತ್ತಾ ಹೋದರೆ ಲೆಕ್ಕ ಕೆಡುತ್ತದೆ.

ಬರೆದಿಡಬೇಕಾದದ್ದು ಬೆಚ್ಚಿತೋ ಇಲ್ಲವೋ ಎಂಬುದನ್ನಲ್ಲ. ಬೆಚ್ಚುವುದು ಸಹಜ. ಬೆಚ್ಚಿದ ಮೇಲೆ ಎಷ್ಟು ಸೆಕೆಂಡಿಗೆ ಮೊದಲಿನಂತಾಯಿತು ಎಂಬುದೇ ಅಂಕ. ಮೂರು ಪಾಳಿ ಸತತವಾಗಿ, ಕೂಗು ಕೇಳಿ ಮರಿ ಓಡುವ ಬದಲು ಕೈ ಕಡೆ ನೋಡಿದರೆ ಒಂದು ಮೆಟ್ಟಿಲು ಮುಂದೆ. ಚೂರು ಮೂಸಿ ಬಿಟ್ಟರೆ, ಬಾಲ ಹೊಟ್ಟೆಗೆ ಸೇರಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ, ತುಟಿ ನೆಕ್ಕಿದರೆ ಎರಡು ಮೆಟ್ಟಿಲು ಹಿಂದೆ. ಒಂದು ಮೆಟ್ಟಿಲು ಹಿಂದೆ ಹೋಗುವುದು ಜಿಪುಣತನ, ಮರುದಿನ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಬಿಳಿ ದಾರದ ಮರಿ ಹೊಸ ಕ್ರಮದ ಮೊದಲ ದಿನದಿಂದ ಕಿವಿ ಕೂಡ ಅಲುಗಿಸಲಿಲ್ಲ. ‘ಎಂಥ ಧೈರ್ಯ’ ಎಂದು ಬರೆದುಕೊಳ್ಳುವ ಮೊದಲು ಕಿವಿ ಕೇಳುತ್ತದೆಯೇ ನೋಡಬೇಕು. ಮೈಮೇಲೆ ಬಿಳಿ ಹೆಚ್ಚಿರುವ ನಾಯಿಗಳಲ್ಲಿ ಹುಟ್ಟುಕಿವುಡು ಬರುವುದು ಎಷ್ಟೋ ತಳಿಗಳಲ್ಲಿ ಗೊತ್ತಿರುವ ಸಂಗತಿ. ಮರಿ ಮಲಗಿರುವಾಗ ಹಿಂದಿನಿಂದ ಬೀಗದ ಕೈ ಗೊಂಚಲು ಅಲ್ಲಾಡಿಸಿ. ಚಪ್ಪಾಳೆ ಬೇಡ, ಗಾಳಿ ತಾಗುತ್ತದೆ. ಕಾಲು ಕುಟ್ಟಬೇಡಿ, ನೆಲ ನಡುಗುತ್ತದೆ. ಉಳಿದ ಆರನ್ನೂ ಹೊರಗಿಡಿ, ಇಲ್ಲದಿದ್ದರೆ ಅವು ಎದ್ದದ್ದು ನೋಡಿ ಇದೂ ಏಳುತ್ತದೆ. ಬಿಳಿ ದಾರ ಎರಡೂ ಕಡೆಯಿಂದ ಎದ್ದು ತಿರುಗಿತು, ಸದ್ಯಕ್ಕೆ ನೆಮ್ಮದಿ. ಒಂದೇ ಕಿವಿ ಕೇಳದಿದ್ದರೆ ಮಾತ್ರ ಈ ಮನೆಪರೀಕ್ಷೆಗೆ ಸಿಕ್ಕುವುದಿಲ್ಲ, ಅದಕ್ಕೆ ಬೇಯರ್ ಪರೀಕ್ಷೆಯೇ (ಸದ್ದಿಗೆ ಮೆದುಳು ಸ್ಪಂದಿಸುವುದನ್ನು ಯಂತ್ರದಿಂದ ಅಳೆಯುವುದು) ಆಗಬೇಕು.

44ನೇ ದಿನಕ್ಕೆ ಐದು ಮರಿ ಹೊಸ್ತಿಲು ಮುಟ್ಟಿದವು. ನೀಲಿ, ಹಳದಿ ಮಾತ್ರ ಒಂದು ಬಾಗಿಲಿನ ಮೆಟ್ಟಿಲಲ್ಲೇ ನಿಂತವು. ಕೋಳಿಗೆ ಬದಲು ಲಿವರ್ ಬಂತು, ಪನೀರ್ ಬಂತು, ಪ್ರಯೋಜನವಿಲ್ಲ. ಐದನೇ ವಾರದ ಹೊತ್ತಿಗೆ ಹೊಸದಕ್ಕೆ ಹಿಂಜರಿಯುವ ಬುದ್ಧಿ ಮೊಳೆಯುತ್ತದೆ, 33ನೇ ದಿನದ ಅವಘಡ ಸರಿಯಾಗಿ ಅದರ ಬಾಗಿಲಲ್ಲೇ ಆಗಿತ್ತು. ಮೂರನೇ ವಾರದಲ್ಲೇ ನಿಜವಾದ ಕುಕ್ಕರ್ ದೂರದಿಂದ ಕೇಳಿಸಿದ್ದರೆ ಈ ಪುರಾಣವೇ ಇರುತ್ತಿರಲಿಲ್ಲ.

ಇದರ ನಡುವೆ ಲಸಿಕೆ. 47ಕ್ಕೆ ಮೊದಲ ಡೋಸ್ ಎಂದು ನಿಗದಿ. ಬಂದ ವೈಲುಗಳು ಪ್ಲಾಸ್ಟಿಕ್ ಚೀಲದಲ್ಲಿ, ಕರಗಿ ಬೆಚ್ಚಗಾದ ಐಸ್ ಪ್ಯಾಕಿನ ಜೊತೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸರಕು! ಹಾಲಿನ ಪ್ಯಾಕೆಟ್ ತರುವ ಹುಡುಗನಿಗೆ ಇರುವ ಮುತುವರ್ಜಿ ಲಸಿಕೆ ಕಳಿಸಿದವರಿಗಿಲ್ಲ. ಪಶುವೈದ್ಯರು ನೋಡಿದ ಕೂಡಲೇ ವಾಪಸ್ ಕಳಿಸಿದರು, ಚುಚ್ಚಿದ್ದು 49ಕ್ಕೆ. ಮಾರನೇ ದಿನ ಮರಿಗಳು ಮಂಕಾಗಿರುವುದರಿಂದ ಕುಕ್ಕರಿಗೂ ರಜೆ. ನೀವು ಕೂಡ ಪೆಟ್ಟಿಗೆ ತೆರೆದು ಮುಟ್ಟಿ ನೋಡಿ, ಬಿಲ್ಲು ಆಮೇಲೆ.

ರಜೆಗೆ ಮೂರು ದಿನ ಮುಂಚೆ, ಖಾಲಿ ಬಿದ್ದ ಆ 47ನೇ ದಿನವೇ, ದಾರಿ ತೆರೆದುಕೊಂಡಿತು. ಕೋಳಿ ಬಿಟ್ಟು ಬಟ್ಟೆ. ಎರಡು ಮೀಟರ್ ದಾರದ ತುದಿಗೆ ಒಂದು ಗೇಣು ಹಳೇ ಬನಿಯನ್ ತುಂಡು. ಕೂಗು ಬಂತು, ‘ಒಂದು’, ಬಟ್ಟೆ ನೆಲದ ಮೇಲೆ ಹಾವಿನಂತೆ ಹರಿಯಿತು. ಕೂಗು ಮುಗಿಯುವ ಮೊದಲೇ ನೀಲಿ ಅದರ ಮೇಲೆ. ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗಲೆಂದೇ ದಖ್ಖನಿನ ಬಯಲಿನಲ್ಲಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ನಾಯಿಗೆ ತಿಂಡಿ ಎರಡನೆಯ ಬಹುಮಾನ, ಓಟ ಮೊದಲನೆಯದು. ಲ್ಯಾಬ್ರಡಾರ್ ಮರಿಗಳಿಗೆ ಬರೆದ ಪಾಠವನ್ನು ಮುಧೋಳಕ್ಕೆ ಒಪ್ಪಿಸುವವರಿಗೆಲ್ಲ ಇದು ಅನ್ವಯ. ಬಟ್ಟೆ ಹಿಡಿದ ಮೇಲೆ ಕಿತ್ತುಕೊಳ್ಳಬೇಡಿ, ಗೆದ್ದ ಹಾಗೆ ಒಂದು ಸುತ್ತು ಹಾಕಲಿ. ಎಳೆಯುವುದು ನೆಲಕ್ಕೆ ಸಮನಾಗಿ, ಮೇಲಕ್ಕೆತ್ತಿ ಜಿಗಿಸಬಾರದು. ಎಳೆ ಕೀಲು. ನೀಲಿ 52ಕ್ಕೆ ಹೊಸ್ತಿಲು ದಾಟಿತು. ಹಳದಿ ಎರಡೂ ಬಾಗಿಲು ತೆರೆದ ಮೆಟ್ಟಿಲಿಗೆ ಬಂದಿದೆ.

ಈ ಬಟ್ಟೆ ದಾರದಿಂದ ಮುಂದಿನ ಯೋಜನೆ ತಲೆಗೆ ಹತ್ತಿಬಿಟ್ಟಿದೆ: ಲ್ಯೂರ್ ಯಂತ್ರ. ಕಾರ್ಡ್‌ಲೆಸ್ ಡ್ರಿಲ್ಲಿಗೆ ಮರದ ರಾಟೆ, ನಾಯಿ ಅಟ್ಟಿಸಿಕೊಂಡು ಓಡಲೆಂದು ನೇರ ಗೆರೆಯಲ್ಲಿ ಬಟ್ಟೆ ಎಳೆಯುವುದು. 10 ಸೆಂ.ಮೀ. ವ್ಯಾಸದ ರಾಟೆ, 1,500 ಆರ್‌ಪಿಎಂ ಅಂದರೆ ಗಂಟೆಗೆ 28 ಕಿ.ಮೀ. 16 ಸೆಂ.ಮೀ. ಮಾಡಿದರೆ 45 ಮುಟ್ಟುತ್ತದೆ, ಆದರೆ ಹೊರೆ ಬಿದ್ದಾಗ ಡ್ರಿಲ್ ಏದುಸಿರು ಬಿಡುವುದು ಖಚಿತ. ಗಾಳದ ದಾರ ಬೇಡ, ಕಾಲಿಗೆ ಸುತ್ತಿದರೆ ಚರ್ಮ ಕೊಯ್ಯುತ್ತದೆ, 3 ಮಿ.ಮೀ. ನೈಲಾನ್ ಹಗ್ಗ. ಇದು ತಾಯಿಗೆ. ಮರಿಗಳಿಗೆ ವರ್ಷ ತುಂಬಿ ಎಲುಬಿನ ತುದಿ ಗಟ್ಟಿಯಾಗುವವರೆಗೆ ಪೂರ್ತಿ ವೇಗದ ಓಟ ಇಲ್ಲ. ರಾಟೆಗೆ ಬಡಗಿ ಹೇಳಿದ ರೇಟು ಕೇಳಿ, ಸದ್ಯ ಹಳೇ ವೈರ್ ಡ್ರಮ್ಮಿನ ಹುಡುಕಾಟದಲ್ಲಿದ್ದೇವೆ.

ಮರಿಗಳ ವಿಷಯಕ್ಕೆ. ನಾಯಿ ಸಾಕಣೆ-ಮಾರಾಟದ 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದೆ ಮರಿ ಮಾರುವಂತಿಲ್ಲ, ನಾಳೆ 56. ನಿಯಮ ಸರಿಯೇ, ಆದರೆ ಎಂಟರಿಂದ ಹತ್ತನೇ ವಾರದ ನಡುವೆ ಮರಿಗೆ ಮತ್ತೊಮ್ಮೆ ಸಣ್ಣಪುಟ್ಟದಕ್ಕೂ ಅಂಜುವ ಕಾಲ ಬರುತ್ತದೆ, ಅದೇ ಹೊತ್ತಿಗೆ ಮನೆಯೂ ಬದಲು. ಹಾಗಾಗಿ ಪ್ರತಿ ಮರಿಯ ಜೊತೆ ಲಸಿಕೆ ಪುಸ್ತಕ, ತಾಯಿಯ ವಾಸನೆಯ ಬಟ್ಟೆ, ಜೊತೆಗೆ ಒಂದು ಕುಕ್ಕರ್ ಚೀಟಿ: ಮೊದಲ ಮೂರು ದಿನ ಮರಿಯ ಜಾಗ ಅಡುಗೆಮನೆಯಿಂದ ಎರಡು ಬಾಗಿಲು ಆಚೆ, ಆಮೇಲೆ ದಿನಕ್ಕೊಂದು ಮೆಟ್ಟಿಲು, ನಿಮ್ಮ ಕುಕ್ಕರಿನ ಕೂಗು ಬೇರೆ, ಇಲ್ಲಿಯದು ಬೇರೆ, ‘ಇದಕ್ಕೆಲ್ಲ ರೂಢಿಯಾಗಿದೆ’ ಎಂದು ಪಕ್ಕದಲ್ಲೇ ಕೂರಿಸಬೇಡಿ. ದೀಪಾವಳಿಗೆ ಪಟಾಕಿ ತೋರಿಸಲು ಬೀದಿಗೆ ಕರೆದೊಯ್ಯಬೇಡಿ ಎಂದೂ ದಪ್ಪಕ್ಷರದಲ್ಲಿ ಬರೆಯಬೇಕಾಗಿದೆ. ಬರೆಯದಿದ್ದರೆ ಕರೆದೊಯ್ಯುತ್ತಾರೆ.

ಆರು ಮರಿ ಈ ವಾರ ಹೊರಡುತ್ತವೆ. ಹಳದಿ ಇನ್ನೂ ಹತ್ತು ದಿನ ಇಲ್ಲೇ, ಕುಕ್ಕರಿಗೆ ಮೂರು ಮೆಟ್ಟಿಲು ಬಾಕಿ, ಮಿಕ್ಸಿ ಇನ್ನೂ ಶುರುವೇ ಆಗಿಲ್ಲ. ಅಲ್ಲಿಯವರೆಗೆ ಚಟ್ನಿ ಒರಳಲ್ಲಿ.